ಪುಟ್ಟಿಗೆ ಕೊಟ್ಟದ್ದೇ ಬೇಕು

ಅಕ್ಕನಿಗೆ ಸಕ್ಕರೆ ಕಾಯಿಲೆ ಬಂದಾಗ ಅವಳಿಗೆ ಒಂಬತ್ತು ವರ್ಷ, ತಂಗಿ ಪುಟ್ಟಿಗೆ ಎರಡು. ಅವತ್ತಿನಿಂದ ಆ ಮನೆಯ ಗಡಿಯಾರ ಅಕ್ಕನ ಹೊಟ್ಟೆಯ ಪ್ರಕಾರ ನಡೆಯತೊಡಗಿತು. ಅವಳಿಗೆ ಸೂಜಿಯಾದ ಮೇಲೆಯೇ ಎಲ್ಲರ ಊಟ. ಅವಳ ಸಕ್ಕರೆ ಇಳಿದರೆ ಎಲ್ಲರ ಮುಖವೂ ಇಳಿಯುತ್ತಿತ್ತು. ಅಮ್ಮ ಅಂಗೈಯಗಲದ ತಕ್ಕಡಿಯೊಂದನ್ನು ತಂದು, ಬ್ರೆಡ್ಡು, ಆಲೂಗಡ್ಡೆ, ಸೇಬಿನ ಹೋಳು ಎಲ್ಲವನ್ನೂ ತೂಗಿಯೇ ಅವಳ ತಟ್ಟೆಗೆ ಹಾಕುತ್ತಿದ್ದಳು. ಪುಟ್ಟಿಯ ತಟ್ಟೆಗೆ ತೂಕವೂ ಇಲ್ಲ, ಲೆಕ್ಕವೂ ಇಲ್ಲ. ಅವಳು ತಿಂದಳೋ ಚೆಲ್ಲಿದಳೋ ನೋಡುವವರೂ ಇಲ್ಲ. ನಾಲ್ಕು ವರ್ಷದವಳಿದ್ದಾಗ ಪುಟ್ಟಿ ಫ್ರಾಕು ಮೇಲೆತ್ತಿ ನಿಂತು, "ನಂಗೂ ಸೂಜಿ ಚುಚ್ಚು" ಎಂದು ಒಂದು ಮಧ್ಯಾಹ್ನವಿಡೀ ರಚ್ಚೆ ಹಿಡಿದಿದ್ದಳು. "ಇದೆಲ್ಲ ನಿಂಗೆ ಬರಲ್ಲ ಬಿಡೇ" ಎಂದಿದ್ದಳು ಅಕ್ಕ, ಓಟದಲ್ಲಿ ಬಹುಮಾನ ಗೆದ್ದವಳ ಧಾಟಿಯಲ್ಲಿ.

ಆದರೆ ಬಂತು. ಪುಟ್ಟಿಗೆ ಮೂವತ್ತಮೂರಾದಾಗ, ಒಂದೇ ತಿಂಗಳಲ್ಲಿ ಎಂಟು ಕಿಲೋ ಇಳಿದು, ಅವಳು ಕೆಲಸ ಮಾಡುವ ಗ್ರಂಥಾಲಯದ ಮೇಜಿನ ಮೇಲೆ ನೀರಿನ ಬಾಟಲಿಗಳ ಸಾಲು ಬೆಳೆದು, ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದರೆ ಅದೇ ಕಾಯಿಲೆ. ಮಾತ್ರೆಗೆ ಬಗ್ಗದ, ಇನ್ಸುಲಿನ್ನೇ ಬೇಕಾದ ಜಾತಿ. ಸುದ್ದಿ ಕೇಳಿ ಅಕ್ಕನ ಎದೆ ಧಸಕ್ಕೆಂದಿತು. ಅದರ ಬೆನ್ನಿಗೇ ಯಾರ ಮುಂದೆಯೂ ಬಾಯಿ ಬಿಟ್ಟು ಹೇಳಲಾಗದ ಇನ್ನೊಂದು ಯೋಚನೆಯೂ ಬಂತು: ಇದೂ ಬೇಕಾಯಿತೇ ಇವಳಿಗೆ?

ಮೊದಮೊದಲು ಎಲ್ಲ ಸರಿಯಾಗಿಯೇ ಇತ್ತು. ಪುಟ್ಟಿ ಪ್ರತಿಯೊಂದಕ್ಕೂ ಅಕ್ಕನನ್ನೇ ಕೇಳುತ್ತಿದ್ದಳು. ಸೂಜಿ ಎಲ್ಲಿ ಚುಚ್ಚಬೇಕು, ಜ್ವರ ಬಂದರೆ ಏನು ಮಾಡಬೇಕು, ಕೈ ನಡುಗಿದರೆ ಎಷ್ಟು ಹಣ್ಣಿನ ರಸ ಕುಡಿಯಬೇಕು. ಅಕ್ಕ ಮೂವತ್ತು ವರ್ಷದ ವಿದ್ಯೆಯನ್ನು ಧಾರೆಯೆರೆದಳು. ಅಷ್ಟರಲ್ಲಿ ಅಮ್ಮ, ಅದುವರೆಗೆ ಅಕ್ಕನ ಎರಡು ಕೋಣೆಯ ಮನೆಯಲ್ಲೇ ಇದ್ದವಳು, ಒಂದು ಭಾನುವಾರ ಬಟ್ಟೆ ಜೋಡಿಸಿಕೊಂಡು ಹೊರಟಳು. "ಅವಳಿಗಿದು ಹೊಸದು ಕಣೇ. ನಿಂಗೆ ರೂಢಿಯಾಗಿದೆ. ಸ್ವಲ್ಪ ದಿನ ಅಲ್ಲಿರ್ತೀನಿ." ಸ್ವಲ್ಪ ದಿನ ಎಂದವಳು ಕೊಡೆಯನ್ನೂ ಕಂಬಳಿಯನ್ನೂ ತೆಗೆದುಕೊಂಡು ಹೋದಳು. ಹೋದ ಮೇಲೆ ಅಕ್ಕ ಅಡುಗೆಮನೆಗೆ ಬಂದು ನೋಡಿದರೆ ಕಪಾಟಿನಲ್ಲಿ ತಕ್ಕಡಿಯ ಜಾಗ ಖಾಲಿ. ಅಲ್ಲಿ ಮಾತ್ರ ಧೂಳಿರಲಿಲ್ಲ. ತೂಕ ಅಕ್ಕನಿಗೆ ಕಣ್ಣಂದಾಜಿನಲ್ಲೇ ಗೊತ್ತಾಗುತ್ತಿತ್ತು, ತಕ್ಕಡಿ ಮುಟ್ಟಿ ಹತ್ತು ವರ್ಷವಾಗಿತ್ತು. ಆದರೂ ಆ ಖಾಲಿ ಜಾಗ ನೋಡಿ ಅವಳ ಹೊಟ್ಟೆಯಲ್ಲಿ ಕಿಚ್ಚು ಹೊತ್ತಿಕೊಂಡಿತು. ಹೊತ್ತಿದ್ದು ಆರಲಿಲ್ಲ.

ಅಕ್ಕ ಒಂದು ದೊಡ್ಡ ಲಾಂಡ್ರಿಯಲ್ಲಿ ಇಸ್ತ್ರಿ ವಿಭಾಗದ ಮುಖ್ಯಸ್ಥೆ. ಹೋಟೆಲುಗಳ ಹಾಸುಬಟ್ಟೆ, ಆಸ್ಪತ್ರೆಗಳ ಕೋಟು ಎಲ್ಲ ಅವಳ ಉಗಿಯಂತ್ರದ ಕೆಳಗೆ ಬಂದು ಹಪ್ಪಳದಂತೆ ನೆಟ್ಟಗಾಗಿ ಹೋಗುತ್ತಿದ್ದವು. ಪಕ್ಕದಲ್ಲಿ ಮಡಿಸುವವಳು ಒಬ್ಬಳು. ಹನ್ನೆರಡು ವರ್ಷದ ಜೊತೆ, ಕೈ ಎಷ್ಟು ಚುರುಕೋ ಬಾಯಿಯೂ ಅಷ್ಟೇ ಚುರುಕು. ಪುಟ್ಟಿಗೆ ಕಾಯಿಲೆ ಬಂದು ವರ್ಷ ತುಂಬುವುದರೊಳಗೆ ಇನ್ಸುಲಿನ್ ಪಂಪ್ ಬಂತೆಂಬ ಸುದ್ದಿ ಅಕ್ಕನ ಬಾಯಿಂದ ಮೊದಲು ಹೊರಬಿದ್ದದ್ದು ಅವಳ ಮುಂದೆಯೇ.

"ನಂಗೆ ಮೂವತ್ತೆರಡು ವರ್ಷದಿಂದ ಸೂಜಿ. ಇವಳು ನಿನ್ನೆ ಮೊನ್ನೆ ಬಂದವಳು. ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡ್ತಾಳಂತೆ, ಮಹಾರಾಣಿ."

"ನೀನೂ ಹಾಕಿಸ್ಕೋ. ಬೇಡ ಅಂದೋರ್ಯಾರು?" ಎಂದಳು ಮಡಿಸುವವಳು.

ನಿಜವೇ. ಡಾಕ್ಟರು ಐದು ವರ್ಷದಿಂದ ಹೇಳುತ್ತಲೇ ಇದ್ದರು. ಬೇಡ ಎಂದವಳು ಅಕ್ಕನೇ. ಯಂತ್ರವೊಂದು ಮೈಗೆ ಅಂಟಿಕೊಂಡಿರುವುದು ಅವಳಿಗೆ ಹಿಡಿಸಿರಲಿಲ್ಲ. ಆದರೆ ಆ ಭಾನುವಾರ ಪುಟ್ಟಿಯ ಮನೆಗೆ ಊಟಕ್ಕೆ ಹೋದಾಗ ಪುಟ್ಟಿ ಮೇಜಿಗೆ ಬಂದು ಕೂತು, ಎರಡು ಗುಂಡಿ ಒತ್ತಿ, ಕೂಡಲೇ ಸೂಪಿಗೆ ಚಮಚ ಹಾಕಿದಳು. ಅಕ್ಕ ಎಂದಿನಂತೆ ಇಪ್ಪತ್ತು ನಿಮಿಷ ಮೊದಲೇ ಇನ್ಸುಲಿನ್ ಪೆನ್ನಿನಿಂದ ಚುಚ್ಚಿಕೊಂಡು, ಕೈ ಕಟ್ಟಿ ಕಾಯುತ್ತಾ ಕೂತಿದ್ದಳು.

"ಕಾಯೋದೇ ಬೇಡ ಗೊತ್ತಾ? ಹೊಸ ಇನ್ಸುಲಿನ್ನು, ತುಂಬಾ ಬೇಗ ಕೆಲಸ ಮಾಡುತ್ತಂತೆ" ಎಂದಳು ಅಮ್ಮ, ತಾನೇ ಕಂಡುಹಿಡಿದವಳ ಹಾಗೆ. "ಈ ಸಲ ಸಕ್ಕರೆಯ ಮೂರು ತಿಂಗಳ ಸರಾಸರಿ ಆರು ಪಾಯಿಂಟ್ ಐದು ಬಂತು ನಮ್ಮ ಪುಟ್ಟೀದು."

ಕಡಿಮೆಯಿದ್ದಷ್ಟೂ ಒಳ್ಳೆಯದೆನ್ನುವ ಆ ಲೆಕ್ಕದಲ್ಲಿ ಅಕ್ಕನದ್ದು ಏಳು ಪಾಯಿಂಟ್ ಒಂಬತ್ತು. ಅದನ್ನು ಯಾರೂ ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಮರುವಾರವೇ ಕ್ಲಿನಿಕ್ಕಿಗೆ ಹೋಗಿ ಪಂಪ್ ಬೇಕೆಂದಳು. ಡಾಕ್ಟರಿಗೆ ಖುಷಿಯೋ ಖುಷಿ. ಎರಡು ತಿಂಗಳಲ್ಲಿ ಎಲ್ಲ ಕಾಗದ ಮುಗಿದು, ಪಂಪ್ ಕಲಿಸುವ ನರ್ಸಿನ ಮುಂದೆ ಅಕ್ಕ ಕೂತಳು. ನರ್ಸ್ ಬೆಳ್ಳಿಗೂದಲಿನ ದಪ್ಪ ಹೆಂಗಸು. ಮಾತು ನಿಧಾನ, ನೋಟ ಮಾತ್ರ ಒಳಗಿನದ್ದನ್ನು ಕಾಣುವಂಥದ್ದು. ಮೇಜಿನ ಮೇಲೆ ಹೆಬ್ಬೆರಳಿನಷ್ಟು ಗಾತ್ರದ ಎರಡು ಸೀಸೆ ಇಟ್ಟಳು.

"ಪಂಪಿಗೆ ಹಾಕೋದು ವೇಗದ ಇನ್ಸುಲಿನ್ ಒಂದನ್ನೇ. ಹನಿ ಹನಿಯಾಗಿ ದಿನವಿಡೀ ಅದೇ ಹೋಗುತ್ತೆ, ಊಟಕ್ಕೆ ಜಾಸ್ತಿ ಹೋಗುತ್ತೆ. ಇದು ನೀವು ಈಗ ಪೆನ್ನಲ್ಲಿ ತಗೋತಿರೋದು. ಇನ್ನೊಂದು ಇದಕ್ಕಿಂತ ಚುರುಕು, ಊಟಕ್ಕೆ ಕೂತಾಗ ತಗೊಂಡ್ರೂ ಆಗುತ್ತೆ. ಎರಡೂ ಈ ಪಂಪಿಗೆ ಆಗುತ್ತೆ. ಆದ್ರೆ ಚುರುಕಿನದ್ದು ಕೆಲವರಿಗೆ ಚುಚ್ಚಿದ ಜಾಗದಲ್ಲಿ ಉರಿ, ಗಂಟು ತರುತ್ತೆ. ಸೆಟ್, ಅಂದ್ರೆ ಮೈಗೆ ಅಂಟಿಸೋ ಪಟ್ಟಿ, ನಳಿಕೆ, ಬೇಗ ಬದಲಾಯಿಸಬೇಕಾಗಬಹುದು. ನೀವು ಏನು ಕೆಲಸ ಮಾಡ್ತೀರಿ?"

"ಇಸ್ತ್ರಿ."

"ಉಗಿ, ಬಿಸಿ?"

"ಇಸ್ತ್ರಿ ಅಂದ್ಮೇಲೆ ಐಸ್‌ಕ್ರೀಮ್ ಅಂಗಡಿ ಥರ ಇರುತ್ತಾ ಸಿಸ್ಟರ್?"

ನರ್ಸ್ ನಕ್ಕಳು. "ಬಿಸಿಗೆ ಯಾವ ಇನ್ಸುಲಿನ್ನೂ ಬೇಗ ಕೆಡುತ್ತೆ. ಪಂಪ್ ಬಟ್ಟೆ ಒಳಗೇ ಇರ್ಲಿ, ಯಂತ್ರದ ಕಡೆಗೆ ಬೇಡ. ಊಟದ ಹೊತ್ತು ಸರಿಯಾಗಿರುತ್ತಾ?"

"ಗಂಟೆ ಹೊಡೆದ್ರೆ ಊಟ. ಹದಿನೆಂಟು ವರ್ಷದಿಂದ ಅದೇ ಗಂಟೆ."

"ಹಾಗಾದ್ರೆ ಇಪ್ಪತ್ತು ನಿಮಿಷ ಮೊದ್ಲು ತಗೊಳ್ಳೋದು ನಿಮಗೆ ಕಷ್ಟವೇ ಅಲ್ಲ. ಇರೋದನ್ನೇ ಮುಂದುವರಿಸೋಣ ಅಂತ ನನಗನ್ಸುತ್ತೆ. ನಿಮ್ಮ ಚರ್ಮಕ್ಕೆ ಒಗ್ಗಿದೆ."

ಅಕ್ಕ ಎರಡೂ ಸೀಸೆಗಳನ್ನು ನೋಡಿದಳು. ಒಳಗಿದ್ದದ್ದು ಒಂದೇ ಬಣ್ಣ, ಎರಡೂ ನೀರಿನಂತೆ ತಿಳಿ. "ಸಿಸ್ಟರ್, ಪುಟ್ಟಿಗೆ, ಅಂದ್ರೆ ನನ್ನ ತಂಗಿಗೆ, ಯಾವುದು ಕೊಟ್ಟಿದ್ದೀರಿ?"

"ಇನ್ನೊಬ್ಬರ ವಿಷಯ ನಾನು ಹೇಳೋ ಹಾಗಿಲ್ಲ."

"ಅವಳೇ ಹೇಳಿದ್ದಾಳೆ. ಚುರುಕಿನದ್ದು."

"ಗೊತ್ತಿದ್ದ ಮೇಲೆ ನನ್ನ ಯಾಕೆ ಕೇಳ್ತೀರಿ?"

"ನಂಗೂ ಅದೇ ಕೊಡಿ."

ನರ್ಸ್ ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟಳು. "ನೋಡಿ, ಒಬ್ಬರ ಕನ್ನಡಕ ಇನ್ನೊಬ್ಬರಿಗಾಗಲ್ಲ. ಅವರ ಮೈ ಬೇರೆ, ನಿಮ್ಮ ಮೈ ಬೇರೆ."

"ಒಂದೇ ಹೊಟ್ಟೇಲಿ ಹುಟ್ಟಿದ ಮೈ ಸಿಸ್ಟರ್."

ಕೊನೆಗೆ ನರ್ಸ್ ಒಪ್ಪಿದಳು. ಡಾಕ್ಟರನ್ನೂ ಕೇಳಿಕೊಂಡು ಬಂದಳು. ಎರಡು ವಾರ ಹಾಕಿ ನೋಡುವುದು, ಉರಿ ಬಂತೇ, ನಳಿಕೆ ಮುಚ್ಚಿಕೊಂಡಿತೇ, ಎಲ್ಲವನ್ನೂ ಪುಸ್ತಕದಲ್ಲಿ ಬರೆಯುವುದು, ಆಮೇಲೆ ತೀರ್ಮಾನ. ಹೊರಡುವಾಗ ಬಾಗಿಲವರೆಗೆ ಬಂದು, "ಪಂಪಲ್ಲಿ ನಿಧಾನದ ಇನ್ಸುಲಿನ್ ಇರಲ್ಲ, ಮರೀಬೇಡಿ. ನಳಿಕೆ ಮುಚ್ಚಿದ್ರೆ ಮೂರು ನಾಲ್ಕು ಗಂಟೇಲಿ ಮೈಯೊಳಗೆ ಏನೂ ಉಳಿಯಲ್ಲ. ಒಂದು ಪೆನ್ನು, ಒಂದು ಸೆಟ್ಟು ಚೀಲದಲ್ಲೇ ಇರ್ಬೇಕು, ಯಾವಾಗ್ಲೂ" ಎಂದಳು. ಅಕ್ಕ ತಲೆಯಾಡಿಸಿದಳು. ಈ ಮಾತು ಪುಟ್ಟಿಯಂಥ ಹೊಸಬರಿಗೆ ಎಂದುಕೊಂಡಳು.

ಎರಡನೆಯ ದಿನಕ್ಕೇ ಉರಿ ಶುರುವಾಯಿತು. ಹೊಟ್ಟೆಯ ಮೇಲೆ ಅಂಟಿಸಿದ ಪಟ್ಟಿಯ ಅಡಿಯಲ್ಲಿ, ಕೂದಲೆಳೆಯಂಥ ನಳಿಕೆ ಚರ್ಮದೊಳಗೆ ಹೋಗುವ ಜಾಗದಲ್ಲಿ, ಕೆಂಪಿರುವೆ ಕಚ್ಚಿದಂತೆ ಚುರುಚುರು. ಊಟಕ್ಕೆ ಗುಂಡಿ ಒತ್ತಿದಾಗಲಂತೂ ಹಲ್ಲು ಕಚ್ಚಬೇಕು. ಸೆಟ್ ಕಿತ್ತು ನೋಡಿದರೆ ಬಟಾಣಿ ಗಾತ್ರದ ಗಂಟು. ಮೂರು ದಿನ ಇರಬೇಕಾದ ಸೆಟ್ಟನ್ನು ಅವಳು ಎರಡನೆಯ ದಿನ, ಕೆಲವೊಮ್ಮೆ ಮರುದಿನವೇ, ಬದಲಾಯಿಸತೊಡಗಿದಳು. ಪುಸ್ತಕದಲ್ಲಿ ದಿನಾ ಬರೆದದ್ದು ಮಾತ್ರ ಎರಡೇ ಪದ: 'ತೊಂದರೆ ಇಲ್ಲ'. ಭಾನುವಾರ ಪುಟ್ಟಿ, "ಹೇಗಿದೆ ಅಕ್ಕ? ನಿಂಗೆ ಉರಿಯಲ್ಲ ತಾನೇ?" ಎಂದು ಕೇಳಿದಾಗ, "ನಿಂಗೆ ಉರಿಯುತ್ತಾ?" ಎಂದು ತಿರುಗಿ ಕೇಳಿದಳು.

"ಇಲ್ಲಪ್ಪ. ಹಾಕಿರೋದೇ ಗೊತ್ತಾಗಲ್ಲ."

"ನಂಗೂ ಅಷ್ಟೇ. ಗೊತ್ತೇ ಆಗಲ್ಲ" ಎಂದಳು ಅಕ್ಕ. ಆ ಹೊತ್ತಿಗೆ ಸೂಪಿಗಾಗಿ ಇನ್ಸುಲಿನ್ ಒಳಗೆ ಹೋಗುತ್ತಿತ್ತು. ಅವಳ ಕಣ್ಣಂಚಿನಲ್ಲಿ ನೀರು. ಸೂಪು ಬಿಸಿಯಿದೆ ಎಂದು ಹೇಳಿ ಒರೆಸಿಕೊಂಡಳು. ಎದುರಿಗೆ ಅಮ್ಮ ಪುಟ್ಟಿಯ ಬ್ರೆಡ್ಡಿನ ಚೂರನ್ನು ಅದೇ ತಕ್ಕಡಿಯಲ್ಲಿಟ್ಟು ಮುಳ್ಳನ್ನು ನೋಡುತ್ತಿದ್ದಳು, ಒಂದು ಕಣ್ಣು ಮುಚ್ಚಿ. ಹಿಂದೆಲ್ಲ ತನಗಾಗಿ ಮುಚ್ಚುತ್ತಿದ್ದ ಕಣ್ಣು.

ಎರಡು ವಾರವಾಯಿತು. ಪುಸ್ತಕ ನೋಡಿ ನರ್ಸ್ ಹುಬ್ಬೇರಿಸಿದಳು. "ಒಂದು ಸಲವೂ ತೊಂದರೆ ಇಲ್ವಾ? ಹೊಟ್ಟೆ ತೋರಿಸ್ತೀರಾ?" ಅಕ್ಕ ಬಸ್ಸಿಗೆ ಹೊತ್ತಾಯಿತು ಎಂದಳು. ಹಾಸುಬಟ್ಟೆ ಮಡಿಸಿದಂತೆ ನಾಲ್ಕೂ ಮೂಲೆ ಸೇರಿಸಿ ಸುಳ್ಳು ಹೇಳಿದಳು. ಚುರುಕಿನ ಇನ್ಸುಲಿನ್ನಿಗೆ ಚೀಟಿ ಸಿಕ್ಕಿತು.

ಆದರೆ ತಿಂಗಳಿಗೆಂದು ಕೊಟ್ಟ ಹತ್ತು ಸೆಟ್ಟುಗಳ ಡಬ್ಬಿ ಹದಿನೆಂಟನೆಯ ದಿನಕ್ಕೇ ತಳ ಕಂಡಿತು. ಇನ್ನೂ ಬೇಕೆಂದು ಕೇಳಿದರೆ ಯಾಕೆಂದು ಹೇಳಬೇಕು. ಹೇಳಿದರೆ ಪುಟ್ಟಿಗೆ ಒಗ್ಗಿದ್ದು ತನಗೆ ಒಗ್ಗಲಿಲ್ಲ ಎಂದಾಗುತ್ತದೆ. ಅಕ್ಕ ಕೊನೆಯ ಸೆಟ್ಟನ್ನು ತೊಡೆಗೆ ಹಾಕಿಕೊಂಡು, ಉರಿಯಲಿ ಎಂದು ಬಿಟ್ಟಳು. ಒಂದು ದಿನ, ಎರಡು ದಿನ, ಮೂರು ದಿನ.

ನಾಲ್ಕನೆಯ ದಿನ ಬೆಳಿಗ್ಗೆ ಒಂದು ದೊಡ್ಡ ಹೋಟೆಲಿನ ಆರುನೂರು ಹಾಸುಬಟ್ಟೆ ಬಂದಿತ್ತು. ಉಗಿಯ ಸದ್ದಿನಲ್ಲಿ ಪಂಪ್ ಕಿರುಗುಟ್ಟಿದ್ದು ಮೊದಲು ಮಡಿಸುವವಳಿಗೆ ಕೇಳಿಸಿತು.

"ನಿನ್ನ ಸೊಂಟ ಕೂಗ್ತಿದೆ ನೋಡೇ."

ತೆರೆಯ ಮೇಲೆ 'ಹರಿವು ನಿಂತಿದೆ' ಎಂದಿತ್ತು. ಅಕ್ಕ ಗುಂಡಿ ಒತ್ತಿ ಬಾಯಿ ಮುಚ್ಚಿಸಿದಳು. ಕೊಳವೆಯನ್ನು ಬಿಚ್ಚಿ ಮತ್ತೆ ಸಿಕ್ಕಿಸಿದಳು. ಅರ್ಧ ಗಂಟೆಗೆ ಮತ್ತೆ ಕೂಗು, ಮತ್ತೆ ಗುಂಡಿ. ಬದಲಿ ಸೆಟ್ ಇಲ್ಲ. ಪೆನ್ನು ಮನೆಯ ಫ್ರಿಜ್ಜಿನಲ್ಲಿ. ಮನೆಗೆ ಹೋಗಿ ಬರಲು ಒಂದು ಗಂಟೆ ಬೇಕು. ಊಟದ ಹೊತ್ತಿಗೆ ಹೋದರಾಯಿತು ಎಂದುಕೊಂಡಳು. ಮೂವತ್ತೆರಡು ವರ್ಷ ಪಳಗಿದವಳು, ಇಷ್ಟಕ್ಕೆಲ್ಲ ಹೆದರುವುದೇ?

ಹನ್ನೊಂದಕ್ಕೆ ಬಾಯಿ ಒಣಗಿತು. ಹನ್ನೆರಡಕ್ಕೆ ಕಾಲು ಸೋತವು. ಊಟದ ಗಂಟೆ ಹೊಡೆದಾಗ ಅವಳು ಮೂರನೆಯ ಯಂತ್ರದ ಪಕ್ಕ, ಆಗಷ್ಟೇ ಬೆಳ್ಳಗೆ ಇಸ್ತ್ರಿಯಾದ ಹಾಸುಬಟ್ಟೆಯ ಮೇಲೆ ವಾಂತಿ ಮಾಡಿಕೊಂಡು ಕುಸಿದು ಕೂತಳು.

ಮಡಿಸುವವಳು ಅವಳ ಚೀಲ ತಡಕಿ, ಅದರಲ್ಲಿದ್ದ ಚೀಟಿಯ ನಂಬರಿಗೆ ಫೋನ್ ಮಾಡಿದಳು. ಅದು ಅಮ್ಮನ ನಂಬರು. ಅಮ್ಮ ಪುಟ್ಟಿಗೆ ಹೇಳಿದಳು. ಗ್ರಂಥಾಲಯ ಎರಡು ಬೀದಿ ಆಚೆಗಿತ್ತು. ಪುಟ್ಟಿ ಓಡಿಯೇ ಬಂದಳು, ಏದುಸಿರು ಬಿಡುತ್ತಾ, ಹೆಗಲಿಗೆ ಕೆಂಪು ಚೀಲ. ಆ ಚೀಲದಲ್ಲಿ ಪೆನ್ನು, ಸೆಟ್ಟು, ಕೀಟೋನ್ ಪಟ್ಟಿ ಎಲ್ಲವೂ ತಮ್ಮ ತಮ್ಮ ಜಾಗದಲ್ಲಿದ್ದವು.

"ಬೆರಳು ಕೊಡು ಅಕ್ಕ." ಚುಚ್ಚಿದಳು. ಸಕ್ಕರೆ ನಾನೂರ ಮೂವತ್ತು. ಇನ್ನೊಂದು ಹನಿಯಲ್ಲಿ, ಇನ್ಸುಲಿನ್ ಇಲ್ಲದಾಗ ರಕ್ತದಲ್ಲಿ ಏರುವ ಕೀಟೋನ್ ನೋಡಿದಳು. ಅದೂ ಮಿತಿ ಮೀರಿತ್ತು. ಅವಳ ಮುಖದ ರಕ್ತ ಇಳಿಯಿತು, ಆದರೆ ಕೈ ಆಗಲೇ ಪೆನ್ನನ್ನು ಎತ್ತಿಕೊಂಡಿತ್ತು. "ಪಂಪನ್ನ ನಂಬಬೇಡ, ಮೊದಲು ಪೆನ್ನು. ನೀನೇ ಹೇಳ್ಕೊಟ್ಟಿದ್ದು." ಸೂಜಿ ಚುಚ್ಚಿ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ ತೆಗೆದಳು. ನೀರು ಗುಟುಕು ಗುಟುಕಾಗಿ ಕುಡಿಸಿದಳು. ಮಡಿಸುವವಳಿಗೆ ಆಂಬುಲೆನ್ಸಿಗೆ ಏನು ಹೇಳಬೇಕೆಂದು ಹೇಳಿದಳು.

ಅಕ್ಕನಿಗೆ ತಲೆ ತಿರುಗುತ್ತಿತ್ತು. ಅಂಥದ್ದರಲ್ಲೂ ಅವಳು ನೋಡಿದ್ದು ಆ ಕೈಗಳನ್ನೇ. ಎಷ್ಟು ಅಚ್ಚುಕಟ್ಟು. ತಾನು ಮೊದಲ ವರ್ಷ ಇಷ್ಟು ಅಚ್ಚುಕಟ್ಟಾಗಿ ಮಾಡುತ್ತಿದ್ದೆನೇ? ಇಲ್ಲ. ತನಗೆ ಅಮ್ಮ ಮಾಡುತ್ತಿದ್ದಳು. ಉಸಿರಾಡಲು ಕಷ್ಟವಾಗುತ್ತಿದ್ದರೂ ಹೊಟ್ಟೆಕಿಚ್ಚು ಪಡಲು ಅವಳಿಗೆ ಕಷ್ಟವಾಗಲಿಲ್ಲ.

ಆಸ್ಪತ್ರೆಯಲ್ಲಿ ಎರಡು ದಿನ ಸಲೈನು. ಎರಡನೆಯ ದಿನ ಮಧ್ಯಾಹ್ನ ನರ್ಸ್ ಬಂದು, ಹೊದಿಕೆ ಸರಿಸಿ, ಹೊಟ್ಟೆಯ ಗಂಟುಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ಎಣಿಸಿದಳು. ಏಳು.

"ತೊಂದರೆ ಇಲ್ಲ ಅಂತ ಬರ್ದಿದ್ರಿ."

ಅಕ್ಕ ಗೋಡೆಯ ಕಡೆ ತಿರುಗಿದಳು. "ಸಿಸ್ಟರ್ ಅಂತ ಕರೆಯೋದು ನಿಮ್ಮನ್ನ. ಹೀಗೆಲ್ಲ ಮಾಡ್ಸೋ ಸಿಸ್ಟರ್ ಬೇರೊಬ್ಬಳಿದ್ದಾಳೆ."

ಬೇರೊಬ್ಬಳು ಕಿಟಕಿಯ ಬಳಿಯ ಕುರ್ಚಿಯಲ್ಲೇ ಕೂತಿದ್ದಳು. ನರ್ಸ್ ಇಬ್ಬರನ್ನೂ ಒಂದು ಸಲ ನೋಡಿ, ಕಾಫಿ ಕುಡಿದು ಬರುತ್ತೇನೆಂದು ಎದ್ದು ಹೋದಳು.

"ನಾನೇನು ಮಾಡ್ದೆ ಅಕ್ಕ?"

"ನೀನೇನೂ ಮಾಡ್ಲಿಲ್ಲ. ಏನೂ ಮಾಡ್ದೇನೇ ನಿಂಗೆ ಆರೂವರೆ ಬರುತ್ತೆ. ನಾನು ಒಂಬತ್ತು ವರ್ಷದವಳಿದ್ದಾಗಿಂದ ಒಂದು ಚಾಕೊಲೇಟು ಲೆಕ್ಕ ಇಲ್ದೆ ತಿಂದಿಲ್ಲ. ನಂಗೆ ಎಂಟು. ಅಮ್ಮನ್ನೂ ಕರ್ಕೊಂಡ್ಹೋದೆ. ನಂದು ಅಂತ ಇದ್ದಿದ್ದು ಈ ದರಿದ್ರ ಕಾಯಿಲೆ ಒಂದೇ, ಅದ್ರಲ್ಲೂ ನೀನೇ ಮೊದಲು."

ಹೇಳಿದ ಮೇಲೆ ಕಿವಿ ಬಿಸಿಯಾಯಿತು. ನಲವತ್ತೊಂದು ವರ್ಷದವಳು ಆಡುವ ಮಾತಾಗಿರಲಿಲ್ಲ ಅದು. ಪುಟ್ಟಿ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು.

"ನಂಗೆ ಇನ್ನೂ ಒಳಗಡೆ ಸ್ವಲ್ಪ ಇನ್ಸುಲಿನ್ ತಯಾರಾಗ್ತಿದೆ" ಎಂದಳು. "ಹೊಸದಾಗಿ ಬಂದಾಗ ಕೆಲವರಿಗೆ ಹಾಗಿರುತ್ತಂತೆ, ಒಂದೆರಡು ವರ್ಷ. ಟೆಸ್ಟಲ್ಲಿ ಬಂದಿತ್ತು. ಅದಕ್ಕೇ ನನ್ನ ನಂಬರು ಚೆನ್ನಾಗಿರೋದು. ನನ್ನ ಜಾಣತನಾನೂ ಅಲ್ಲ, ಆ ಸೀಸೇದೂ ಅಲ್ಲ."

ಅಕ್ಕ ತಟ್ಟನೆ ತಿರುಗಿದಳು. "ಗೊತ್ತಿತ್ತಾ ನಿಂಗೆ? ಯಾವಾಗಿಂದ?"

"ಮೊದಲಿಂದ್ಲೂ."

"ಮತ್ತೆ ಹೇಳ್ಲಿಲ್ಲ ಯಾಕೆ?"

ಪುಟ್ಟಿ ಹೊದಿಕೆಯ ದಾರವೊಂದನ್ನು ಎಳೆಯುತ್ತಾ ಕೂತಳು. ಆಮೇಲೆ ಹೇಳಿದಳು: "ಅಕ್ಕ, ಹುಟ್ಟಿದಾಗಿಂದ ಆ ಮನೇಲಿ ಎಲ್ಲ ನಿಂದೇ. ನೀನು ನನ್ನ ನೋಡಿ ಹೊಟ್ಟೆ ಉರ್ಕೊಂಡಿದ್ದು ಇದೇ ಮೊದಲ್ನೇ ಸಲ. ನಂಗದು ಇಷ್ಟ ಆಗಿತ್ತು. ಸ್ವಲ್ಪ ದಿನ ಇರ್ಲಿ ಅನ್ಸಿತ್ತು."

ಅಕ್ಕನಿಗೆ ಅವಳ ಕೆನ್ನೆಗೆ ಬಾರಿಸಬೇಕೆನಿಸಿತು. ಕೈಯಲ್ಲಿ ಸಲೈನ್ ಸೂಜಿಯಿತ್ತು. ಅಷ್ಟರಲ್ಲಿ ಯಾಕೋ ನಗು ಬಂತು. ನಕ್ಕರೆ ಹೊಟ್ಟೆಯ ಗಂಟೆಲ್ಲ ನೋಯುತ್ತಿತ್ತು. "ಥೂ ರಾಕ್ಷಸಿ" ಎಂದಳು. "ಎದ್ದು ಹೋಗು ಇಲ್ಲಿಂದ." ಪುಟ್ಟಿ ಹೋಗಲಿಲ್ಲ.

ನರ್ಸ್ ವಾಪಸು ಬಂದಾಗ ಅಕ್ಕ ತಾನೇ ಬಾಯಿ ತೆರೆದಳು. ಹಳೆಯದನ್ನೇ ಪಂಪಿಗೆ ಹಾಕಿ, ಊಟದ ಗಂಟೆಗೆ ಇಪ್ಪತ್ತು ನಿಮಿಷ ಮೊದಲು ಗುಂಡಿ ಒತ್ತುತ್ತೇನೆ, ಮೂರನೆಯ ದಿನ ಸೆಟ್ ಬದಲಾಯಿಸುತ್ತೇನೆ, ಪಂಪನ್ನು ಉಗಿಯಿಂದ ದೂರ, ಬೆನ್ನಿನ ಕಡೆ ಕಟ್ಟಿಕೊಳ್ಳುತ್ತೇನೆ ಎಂದಳು. "ಇದು ಯಾರ ಲೆಕ್ಕ?" ಎಂದು ಕೇಳಿದಳು ನರ್ಸ್. "ನಂದೇ" ಎಂದಳು ಅಕ್ಕ.

ಹಳೆಯ ಇನ್ಸುಲಿನ್ ಸದ್ದಿಲ್ಲದೆ ಕೆಲಸ ಮಾಡಿತು. ಗಂಟುಗಳು ಒಂದೊಂದಾಗಿ ಕರಗಿದವು. ಹೊಟ್ಟೆಕಿಚ್ಚು ಮಾತ್ರ ಅಷ್ಟು ಬೇಗ ಕರಗಲಿಲ್ಲ. ಭಾನುವಾರ ಪುಟ್ಟಿ ಮೇಜಿಗೆ ಬಂದ ಕೂಡಲೇ ಸೂಪಿಗೆ ಚಮಚ ಹಾಕಿದಾಗ ಅಕ್ಕನಿಗೆ ಈಗಲೂ ಮೂಗಿನ ತುದಿ ಬಿಸಿಯಾಗುತ್ತಿತ್ತು. ಈಗ ಅದನ್ನು ಬಾಯಿ ಬಿಟ್ಟೇ ಹೇಳುತ್ತಿದ್ದಳು: "ತಿನ್ನು, ತಿನ್ನು. ನಿನ್ನ ನೋಡಿದ್ರೆ ಉರಿಯುತ್ತೆ ನಂಗೆ." ಪುಟ್ಟಿ ಇನ್ನೊಂದು ತುತ್ತು ಜಾಸ್ತಿಯೇ ಬಾಯಿಗಿಡುತ್ತಿದ್ದಳು.

ಮುಂದಿನ ವರ್ಷದ ಆರಂಭದಲ್ಲಿ ಇಬ್ಬರೂ ಒಂದೇ ದಿನ ಕ್ಲಿನಿಕ್ಕಿಗೆ ಹೋದರು. ಅಕ್ಕ ಮೊದಲು ಹೊರಬಂದಳು. ಏಳು ಪಾಯಿಂಟ್ ಎರಡು. ಇಪ್ಪತ್ತು ವರ್ಷದಲ್ಲಿ ಇಷ್ಟು ಒಳ್ಳೆಯದು ಬಂದಿರಲಿಲ್ಲ. ಕಾಲುಗಂಟೆಯ ನಂತರ ಪುಟ್ಟಿ ಬಂದಳು, ಕಾಗದವನ್ನು ನಾಲ್ಕಾಗಿ ಮಡಿಸಿ ಮುಷ್ಟಿಯಲ್ಲಿಟ್ಟುಕೊಂಡು.

"ಏಳು ಪಾಯಿಂಟ್ ಎಂಟು" ಎಂದಳು. "ಒಳಗಡೇದು ಮುಗೀತಂತೆ. ಪೂರ್ತಿ."

ಅಕ್ಕನೊಳಗೆ ಏನೋ ಗರಿಗೆದರಿ ಎದ್ದು ನಿಂತಿತು. ಗೆದ್ದೆ. ಅದು ಎಷ್ಟು ಹೊತ್ತು ನಿಂತಿತೆಂದರೆ, ಅವರಿಬ್ಬರೂ ಮೆಟ್ಟಿಲಿಳಿದು ಬಸ್ಸಿನ ತಂಗುದಾಣ ಸೇರುವಷ್ಟು ಹೊತ್ತು. ಅಲ್ಲಿ ಪುಟ್ಟಿ ಬೆಂಚಿನ ಮೇಲೆ ಕೂತು ಮುಖ ಮುಚ್ಚಿಕೊಂಡಳು. ಅವಳ ಹೆಗಲು ಕುಲುಕುವುದನ್ನು ಅಕ್ಕ ನಿಂತು ನೋಡಿದಳು. ಒಂದು ಬಸ್ಸು ಬಂದು ಹೋಯಿತು.

"ಏ, ಎದ್ದೇಳು. ಎಲ್ಲ ಹೊಸದಾಗಿ ಲೆಕ್ಕ ಹಾಕ್ಬೇಕು. ಬೆಳಿಗ್ಗೆಗೆ ಒಂದು, ಮಧ್ಯಾಹ್ನಕ್ಕೆ ಒಂದು. ಒಂದು ವಾರ ನಾನು ನಿನ್ನ ಮನೇಲೇ ಇರ್ತೀನಿ. ನಿಂಗೆ ಬರಲ್ಲ ಇದು."

"ಬರುತ್ತೆ."

"ಬರಲ್ಲ ಅಂದ್ನಲ್ಲ."

ಅಕ್ಕನ ಫೋನು ರಿಂಗಾಯಿತು. ಅಮ್ಮ. "ಎಷ್ಟೆಷ್ಟು ಬಂತು? ಯಾರದ್ದು ಚೆನ್ನಾಗಿದೆ?"

ಏಳು ಪಾಯಿಂಟ್ ಎರಡು ಎನ್ನುವುದು ಅಕ್ಕನ ನಾಲಗೆಯ ತುದಿಯವರೆಗೂ ಬಂದಿತ್ತು. ಪುಟ್ಟಿ ಮೂಗೊರೆಸಿಕೊಂಡು ಅವಳ ಮುಖವನ್ನೇ ನೋಡುತ್ತಿದ್ದಳು.

"ಇಬ್ಬರದ್ದೂ ಒಂದೇ ಅಮ್ಮ" ಎಂದಳು ಅಕ್ಕ. ಅಷ್ಟು ಹೇಳಲು ಅವಳು ಎರಡು ಸಲ ಉಗುಳು ನುಂಗಬೇಕಾಯಿತು.